ಪಟ್ಟಿ ಹೋಯಿತು, ಇನ್ನು ಓದುವವರು ಯಾರು?

2025ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ತನ್ನ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು. ಯಾವ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ಬೆಲೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಐದಾರು ವರ್ಷ ತೀರ್ಮಾನಿಸಿದ ಪಟ್ಟಿ ಅದು. ಇನ್ನು ಮುಂದೆ ಆಯಾ ವಿಶ್ವವಿದ್ಯಾಲಯ, ಆಯಾ ಕಾಲೇಜು ಪತ್ರಿಕೆಗಳ ಗುಣಮಟ್ಟವನ್ನು ತಾನೇ ಅಳೆದುಕೊಳ್ಳಲಿ, ಅದಕ್ಕೆ ಬೇಕಾದ ಮಾನದಂಡಗಳನ್ನು ಸಲಹೆಯ ರೂಪದಲ್ಲಿ ಕೊಡುತ್ತೇವೆ ಎಂದು ಆಯೋಗ ಹೇಳಿತು.

ಹೊರಗಿನವರಿಗೆ ಇದು ಇನ್ನೊಂದು ಸುತ್ತೋಲೆ. ಪಿಎಚ್.ಡಿ. ಮಾಡುತ್ತಿರುವವರಿಗೆ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿ ಕೂತವರಿಗೆ, ಬಡ್ತಿಯ ಕಡತ ಸಿದ್ಧಪಡಿಸುತ್ತಿರುವವರಿಗೆ ಇದು ಅನ್ನದ ಪ್ರಶ್ನೆ. ಅವರಲ್ಲೇ ಕೆಲವರು ನಿಟ್ಟುಸಿರು ಬಿಟ್ಟರು, ಕೆಲವರು ಕಂಗಾಲಾದರು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ನಾನು ಎರಡನ್ನೂ ತೂಗಿ ನೋಡಹೊರಟದ್ದು ಅದಕ್ಕೇ.

ಪಟ್ಟಿಯೊಂದು ಬೇಕಾದದ್ದಾದರೂ ಏಕೆ? 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿಗೆ ಎಪಿಐ ಎಂಬ ಅಂಕ ಪದ್ಧತಿಯನ್ನು ತಂದಿತು. ಇಷ್ಟು ಲೇಖನಕ್ಕೆ ಇಷ್ಟು ಅಂಕ. ಪಿಎಚ್.ಡಿ. ವಿದ್ಯಾರ್ಥಿಯೂ ಮಹಾಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಲೇಖನ ಪ್ರಕಟಿಸಿರಬೇಕೆಂಬ ನಿಯಮ ಆಗಲೇ ಇತ್ತು. ಉದ್ದೇಶ ಒಳ್ಳೆಯದೇ. ಪಾಠ ಹೇಳಿ ಮನೆಗೆ ಹೋಗುವ ಅಧ್ಯಾಪಕ ಸಂಶೋಧನೆಯನ್ನೂ ಮಾಡಲಿ, ಸಂದರ್ಶನದಲ್ಲಿ ಶಿಫಾರಸಿನ ಬದಲು ಕೆಲಸ ಮಾತಾಡಲಿ ಎಂಬ ಆಸೆ. ಆದರೆ ಪ್ರಯೋಗಾಲಯವಿಲ್ಲದ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಾರದ, ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಲೇಬೇಕಾದ ಕಾಲೇಜುಗಳಿಗೂ ಅದೇ ಅಳತೆಗೋಲು ಹಿಡಿದಾಗ ಆಗಬಾರದ್ದು ಆಯಿತು. ಲೇಖನ ಬರೆಯುವ ಒತ್ತಡ ಬೆಳೆಯಿತು, ಬರೆಯುವ ಅನುಕೂಲ ಬೆಳೆಯಲಿಲ್ಲ. ಆ ಸಂದಿಯಲ್ಲಿ ಮಾರುಕಟ್ಟೆ ಹುಟ್ಟಿತು.

ಆ ಮಾರುಕಟ್ಟೆಯನ್ನು ಕಾಣದ ಅಧ್ಯಾಪಕರು ಇರಲಾರರು. ‘ವಾರದೊಳಗೆ ಪ್ರಕಟಣೆ, ಪ್ರಮಾಣಪತ್ರ ಉಚಿತ’ ಎನ್ನುವ ಇಮೇಲು, ವಾಟ್ಸ್ಆ್ಯಪ್ ಸಂದೇಶ. ಭೌತಶಾಸ್ತ್ರದಿಂದ ಭರತನಾಟ್ಯದವರೆಗೆ ಎಲ್ಲವನ್ನೂ ಅಚ್ಚು ಹಾಕುವ ‘ಇಂಟರ್‌ನ್ಯಾಷನಲ್’ ಜರ್ನಲ್. ಒಂದು ಐಎಸ್‌ಎಸ್‌ಎನ್ ಸಂಖ್ಯೆ. ಆ ಸಂಖ್ಯೆ ನಿಯತಕಾಲಿಕೆಯನ್ನು ಗುರುತಿಸಲು ಕೊಡುವಂಥದ್ದು, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಅರ್ಜಿ ನಮೂನೆಗಳಲ್ಲಿ ಅದು ಬಹುಕಾಲ ಗುಣಮಟ್ಟದ ಮುದ್ರೆಯಂತೆ ನಡೆಯಿತು.

ಇದು ಬರೀ ಅನುಮಾನದ ಮಾತಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಿಂದ ತೆಗೆದ ರಾಸಾಯನಿಕವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಸುಳ್ಳು ಲೇಖನ ಹೊಸೆದು, ಓದಿದವರಿಗೆ ತಪ್ಪು ಕಣ್ಣಿಗೆ ಹೊಡೆಯುವಂತೆ ಬರೆದು, ಲೇಖಕರಿಂದ ಶುಲ್ಕ ಪಡೆಯುವ 304 ಮುಕ್ತ ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ‘ಸೈನ್ಸ್’ ಪತ್ರಿಕೆ ಆ ವರದಿಯನ್ನು ಪ್ರಕಟಿಸಿದಾಗ ಅಂಥ ಪತ್ರಿಕೆಗಳ ದೊಡ್ಡ ನೆಲೆಯಾಗಿ ಭಾರತದ ಹೆಸರು ಬಂತು. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನ ಸಂಸ್ಥೆಗೆ ಐದು ಕೋಟಿ ಡಾಲರಿಗೂ ಹೆಚ್ಚು ಮೊತ್ತ ತೆರಬೇಕೆಂದು ಆದೇಶಿಸಿತು. ತಜ್ಞರಿಂದ ಪರಿಶೀಲನೆ ಮಾಡಿಸುತ್ತೇವೆಂದು ನಂಬಿಸಿದ್ದು, ಒಪ್ಪಿಗೆಯಿಲ್ಲದೆ ವಿಜ್ಞಾನಿಗಳ ಹೆಸರನ್ನು ಸಂಪಾದಕ ಮಂಡಳಿಯಲ್ಲಿ ಹಾಕಿಕೊಂಡದ್ದು, ಶುಲ್ಕವನ್ನು ಮೊದಲು ಮುಚ್ಚಿಟ್ಟದ್ದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ್ದ ದೂರುಗಳು.

ಯುಜಿಸಿಯ ಮೊದಲ ಪಟ್ಟಿ 2017ರ ಜನವರಿಯಲ್ಲಿ ಹೊರಬಂತು. ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಪತ್ರಿಕೆಗಳು ಅದರಲ್ಲಿದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದವೂ ಒಳಗೆ ಬಂದವು. ಫಲಿತಾಂಶವನ್ನು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಅಳೆದು ನೋಡಿದರು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಬಂದಿದ್ದ ಪತ್ರಿಕೆಗಳಲ್ಲಿ 1,009ನ್ನು ಪರಿಶೀಲಿಸಿದಾಗ ಶೇ 88ಕ್ಕೂ ಹೆಚ್ಚು ಪತ್ರಿಕೆಗಳು ಅಳತೆಗೆ ನಿಲ್ಲಲಿಲ್ಲ. ವಿಳಾಸವಿಲ್ಲ, ಸಂಪಾದಕರ ವಿವರವಿಲ್ಲ, ಅಥವಾ ಕೊಟ್ಟ ಮಾಹಿತಿ ಸುಳ್ಳು. 2018ರಲ್ಲಿ ಈ ಅಧ್ಯಯನ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗ 4,305 ಪತ್ರಿಕೆಗಳನ್ನು ಕಿತ್ತುಹಾಕಿತು, ನವೆಂಬರಿನಲ್ಲಿ ‘ಕೇರ್’ ವ್ಯವಸ್ಥೆಯನ್ನು ಪ್ರಕಟಿಸಿತು. 2019ರ ಜೂನ್‌ನಿಂದ ಹೊಸ ಪಟ್ಟಿ ಜಾರಿಗೆ ಬಂತು.

ಈ ಅಂಕಿಅಂಶವನ್ನು ಇಂದು ಮತ್ತೆ ಓದಬೇಕು. ಆ ಕಳಪೆ ಪತ್ರಿಕೆಗಳನ್ನು ಶಿಫಾರಸು ಮಾಡಿದ್ದು ಯಾರು? ನಮ್ಮ ವಿಶ್ವವಿದ್ಯಾಲಯಗಳೇ. ಈಗ ಗುಣಮಟ್ಟ ತೀರ್ಮಾನಿಸುವ ಹೊಣೆ ಮರಳಿ ಬಂದಿರುವುದೂ ಅವುಗಳ ಕೈಗೇ. ಪಟ್ಟಿ ಉಳಿಯಬೇಕಿತ್ತು ಎನ್ನುವವರ ಮೊದಲ ವಾದ ಇದು, ಮತ್ತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ಅವರ ಎರಡನೆಯ ವಾದ ನನ್ನನ್ನು ಇನ್ನೂ ಹೆಚ್ಚು ತಟ್ಟುತ್ತದೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ತಾನೇ ಮೊದಲಿಗಳಾದ, ಜಿಲ್ಲಾ ಕೇಂದ್ರವೊಂದರಲ್ಲಿ ಅರ್ಥಶಾಸ್ತ್ರದಲ್ಲೋ ಸಸ್ಯಶಾಸ್ತ್ರದಲ್ಲೋ ಪಿಎಚ್.ಡಿ. ಮಾಡುತ್ತಿರುವ ಹುಡುಗಿಯನ್ನು ಎಣಿಸಿಕೊಳ್ಳಿ. ಯಾವ ಪತ್ರಿಕೆ ನಂಬಬಹುದು, ಯಾವುದು ದುಡ್ಡಿಗಾಗಿ ಹುಟ್ಟಿದ್ದು ಎಂದು ಅವಳಿಗೆ ಹೇಳಿಕೊಡುವವರು ಬೇಕು. ದೊಡ್ಡ ಸಂಸ್ಥೆಯಲ್ಲಿರುವವರಿಗೆ ಆ ತಿಳಿವಳಿಕೆ ಊಟದ ಮೇಜಿನ ಮಾತಿನಲ್ಲೇ ಸಿಕ್ಕಿಬಿಡುತ್ತದೆ. ಇವಳಿಗೆ ಸಿಗುವುದು ಗೈಡ್ ಹೇಳಿದ್ದು, ಸೀನಿಯರ್ ಕಳಿಸಿದ ಲಿಂಕು. ಆ ಗೈಡ್ ಸ್ವತಃ ಅಂಥ ಪತ್ರಿಕೆಯೊಂದರ ಸಂಪಾದಕ ಮಂಡಳಿಯಲ್ಲಿದ್ದರೆ? ಆಗ ಸರ್ಕಾರದ ಜಾಲತಾಣದಲ್ಲಿ, ಯಾರು ಬೇಕಾದರೂ ನೋಡಬಹುದಾದ ಪಟ್ಟಿಯೊಂದು ಇದ್ದರೆ ಅವಳು ಅದನ್ನು ತೋರಿಸಿ ‘ಸಾರ್, ಈ ಪತ್ರಿಕೆ ಇದರಲ್ಲಿಲ್ಲ’ ಎಂದು ಹೇಳಬಲ್ಲಳು. ದುರ್ಬಲರ ಕೈಯಲ್ಲಿ ನಿಯಮ ಒಂದು ಬಲ. ಆಯ್ಕೆ ಸಮಿತಿಯ ಮುಂದೆಯೂ ಅಷ್ಟೇ. ಗುಣಮಟ್ಟ ತೀರ್ಮಾನಿಸುವ ಸ್ವಾತಂತ್ರ್ಯ ಪೂರ್ತಿ ಸ್ಥಳೀಯವಾದಾಗ ಜಾತಿ, ಬಣ, ಬೇಕಾದವರು ಎಂಬ ಲೆಕ್ಕಗಳು ಅದರೊಳಗೆ ನುಸುಳುವುದನ್ನು ನಮ್ಮ ವಿಶ್ವವಿದ್ಯಾಲಯಗಳ ಬಗ್ಗೆ ಅಲ್ಪಸ್ವಲ್ಪ ತಿಳಿದವರೂ ಬಲ್ಲರು.

ಇನ್ನೊಂದು ಪಕ್ಷದವರ ಮಾತು ಕೇಳೋಣ. ದೇಶದ ಸಾವಿರಾರು ಕಾಲೇಜುಗಳ, ನೂರಾರು ವಿಷಯಗಳ, ಹತ್ತಾರು ಭಾಷೆಗಳ ಸಂಶೋಧನೆ ಎಲ್ಲಿ ಅಚ್ಚಾಗಬಹುದು ಎಂದು ಒಂದು ಕೇಂದ್ರ ಕಚೇರಿ ಹೇಳುವುದೇ ಸರಿಯಲ್ಲ ಎಂಬುದು ಅವರ ತಕರಾರು. ಹೊಸ ಪತ್ರಿಕೆ ಸೇರಲು ವಿಳಂಬ, ಸೇರಿಸದ್ದಕ್ಕೆ ಕಾರಣ ಸ್ಪಷ್ಟವಿಲ್ಲ, ಇದ್ದಕ್ಕಿದ್ದಂತೆ ತೆಗೆದುಹಾಕಿದರೆ ಅದರಲ್ಲಿ ಆಗಷ್ಟೇ ಬರೆದವರ ಗತಿ ಏನೆಂಬ ಗೊಂದಲ. ಭಾರತೀಯ ಭಾಷೆಗಳ ಒಳ್ಳೆಯ ಪತ್ರಿಕೆಗಳು ಹೊರಗುಳಿದವು ಎಂಬ ಟೀಕೆಯಂತೂ ಗಟ್ಟಿಯಾಗಿತ್ತು.

ಕನ್ನಡದವರಿಗೆ ಇದರ ನೋವು ಚೆನ್ನಾಗಿ ಅರ್ಥವಾಗಬೇಕು. ನಮ್ಮಲ್ಲಿ ವಿದ್ವತ್ ಪತ್ರಿಕೆಗಳ ಪರಂಪರೆ ಯುಜಿಸಿಗಿಂತ ಹಳೆಯದು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ಹೊಸದರಲ್ಲೇ ‘ಪರಿಷತ್ಪತ್ರಿಕೆ’ಯನ್ನು ಆರಂಭಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ‘ಪ್ರಬುದ್ಧ ಕರ್ಣಾಟಕ’ ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆಯಿತು. ಧಾರವಾಡದಿಂದ ‘ಕರ್ನಾಟಕ ಭಾರತಿ’ ಬಂತು. ಶಾಸನದ ಕಾಲನಿರ್ಣಯ, ಪಾಠಾಂತರ, ಕವಿಯ ಮತ, ಊರಿನ ಗುರುತು, ಹೀಗೆ ಕನ್ನಡ ಸಂಶೋಧನೆಯ ದೊಡ್ಡ ಜಗಳಗಳೆಲ್ಲ ಇಂಥ ಪುಟಗಳಲ್ಲಿ ನಡೆದವು. ಇಂದು ಕೇಳುವ ಅರ್ಥದಲ್ಲಿ ಅವಕ್ಕೆ ಹೆಸರು ಮುಚ್ಚಿಟ್ಟ ಇಬ್ಬರು ಪರಿಶೀಲಕರು ಇರಲಿಲ್ಲ. ಓದಿ, ತಿದ್ದಿ, ಬೇಡವಾದದ್ದನ್ನು ವಾಪಸು ಕಳಿಸುವ ಸಂಪಾದಕರಿದ್ದರು; ಪ್ರಕಟವಾದ ಮೇಲೆ ಪ್ರಶ್ನಿಸಿ ಬರೆಯುವ ಓದುಗರಿದ್ದರು. ಸ್ಕೋಪಸ್ ಎಂಬ ಸೂಚಿಯನ್ನೇ ಅಳತೆ ಮಾಡಿಕೊಂಡವರ ಲೆಕ್ಕದಲ್ಲಿ ಈ ಕೆಲಸಕ್ಕೆ ಹೆಚ್ಚು ಬೆಲೆ ಸಿಗದು. ನ್ಯಾಯವಾಗಿ ಹೇಳಬೇಕೆಂದರೆ, ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗ ಮಾಡಿಕೊಟ್ಟದ್ದು ಕೇರ್ ಪಟ್ಟಿಯೇ. ಅದು ಹೋದ ಮೇಲೆ ಕಾಲೇಜುಗಳು ಸುಲಭದ ದಾರಿ ಹಿಡಿದು ‘ಸ್ಕೋಪಸ್ ಇದ್ದರೆ ಸಾಕು, ಇಲ್ಲದಿದ್ದರೆ ಇಲ್ಲ’ ಎಂದುಬಿಟ್ಟರೆ ಕನ್ನಡದಲ್ಲಿ ಬರೆಯುವವರ ಸ್ಥಿತಿ ಮೊದಲಿಗಿಂತ ಹದಗೆಡುತ್ತದೆ.

ಪಟ್ಟಿಯ ವಿರೋಧಿಗಳ ಬಳಿ ಇನ್ನೂ ಗಟ್ಟಿಯಾದ ಸಾಕ್ಷ್ಯವಿದೆ: ಪಟ್ಟಿ ಮೋಸವನ್ನು ನಿಲ್ಲಿಸಲಿಲ್ಲ, ಮೋಸದ ರೂಪವನ್ನು ಬದಲಿಸಿತು. ಪಟ್ಟಿಯಲ್ಲಿದ್ದ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಕಲಿ ಜಾಲತಾಣ ತೆರೆದು ದುಡ್ಡು ವಸೂಲಿ ಮಾಡುವವರು ಹುಟ್ಟಿಕೊಂಡರು. ಅಂಥ ನಕಲಿ ಪತ್ರಿಕೆಗಳ ಬಗ್ಗೆ ಆಯೋಗವೇ ಎಚ್ಚರಿಕೆ ಕೊಡಬೇಕಾಯಿತು. ಎಷ್ಟೋ ಅಸಲಿ ಪತ್ರಿಕೆಗಳು ಮುದ್ರಣದಲ್ಲಿ ಮಾತ್ರ ಬರುತ್ತಿದ್ದು ಅವಕ್ಕೆ ಸ್ವಂತ ಜಾಲತಾಣ ಇಲ್ಲದ್ದು ಕಳ್ಳರಿಗೆ ಅನುಕೂಲವಾಯಿತು. ದುಡ್ಡು ಕಟ್ಟಿದ ವಿದ್ಯಾರ್ಥಿ ತಾನು ಪಟ್ಟಿಯಲ್ಲಿರುವ ಪತ್ರಿಕೆಗೇ ಬರೆದೆನೆಂದು ನಂಬಿರುತ್ತಾನೆ.

ವಿದೇಶದ ದೊಡ್ಡ ಹೆಸರುಗಳನ್ನು ನಂಬಿದರೆ ಸಾಕೇ? ಕೇರ್ ಪಟ್ಟಿಯ ಎರಡನೆಯ ಗುಂಪು ಎಂದರೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಸೂಚಿಗಳಲ್ಲಿದ್ದ ಪತ್ರಿಕೆಗಳು. ಆ ಸೂಚಿಗಳಲ್ಲಿ ಹಿಂದಾವಿ ಎಂಬ ಪ್ರಕಾಶನದ ಹಲವು ಪತ್ರಿಕೆಗಳಿದ್ದವು. ಹೆಸರಾಂತ ವೈಲಿ ಸಂಸ್ಥೆ ಹಿಂದಾವಿಯನ್ನು 2021ರಲ್ಲಿ ಕೊಂಡುಕೊಂಡಿತು. ವಿಶೇಷ ಸಂಚಿಕೆಗಳ ಹೆಸರಿನಲ್ಲಿ ಅತಿಥಿ ಸಂಪಾದಕರನ್ನು ಕೂರಿಸಿದ್ದ ಕಡೆ, ದುಡ್ಡಿಗೆ ಪ್ರಬಂಧ ತಯಾರಿಸಿ ಮಾರುವ ಕಾರ್ಖಾನೆಗಳು ಒಳಹೊಕ್ಕಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 2023ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಬೇಕಾಯಿತು, ಆ ಹೆಸರನ್ನೇ ಬಿಡುತ್ತೇವೆಂದು ವೈಲಿ ಪ್ರಕಟಿಸಿತು. ಅಲ್ಲಿಯವರೆಗೆ ಅವೆಲ್ಲ ನಿಯಮದ ಪ್ರಕಾರ ‘ಗುಣಮಟ್ಟದ’ ಲೇಖನಗಳು.

ಖಾಸಗಿ ಪ್ರಯತ್ನಗಳ ಕಥೆಯೂ ಇದಕ್ಕಿಂತ ನೇರವಲ್ಲ. ಅಮೆರಿಕದ ಕೊಲರಾಡೊದ ಗ್ರಂಥಪಾಲಕ ಜೆಫ್ರಿ ಬೀಲ್, ಮೋಸದ ಪ್ರಕಾಶಕರ ಪಟ್ಟಿಯೊಂದನ್ನು ಒಬ್ಬರೇ ಕೂತು ಮಾಡುತ್ತಿದ್ದರು. ಜಗತ್ತಿನಾದ್ಯಂತ ಜನ ಅದನ್ನು ನಂಬಿದರು. ಬಡ ದೇಶಗಳ, ಹಣವಿಲ್ಲದ, ಇಂಗ್ಲಿಷ್ ತಡವರಿಸುವ ಪ್ರಾಮಾಣಿಕ ಪತ್ರಿಕೆಗಳನ್ನೂ ಅದು ಅನುಮಾನದ ಕಣ್ಣಿಂದ ನೋಡುತ್ತದೆ ಎಂದು ಆಕ್ಷೇಪವೂ ಬಂತು. 2017ರಲ್ಲಿ ಅವರು ಪಟ್ಟಿಯನ್ನು ತೆಗೆದುಹಾಕಿದರು.

ಲೇಖಕರಿಂದ ಶುಲ್ಕ ಪಡೆಯುವುದೇ ಪಾಪ ಎಂಬ ಮಾತು ನಮ್ಮಲ್ಲಿ ಬಲವಾಗಿದೆ, ಅದನ್ನು ಇಲ್ಲೇ ಬಿಡಿಸಿಕೊಳ್ಳಬೇಕು. ಬೊಹಾನನ್ ಕಳಿಸಿದ ಸುಳ್ಳು ಲೇಖನವನ್ನು ತಿರಸ್ಕರಿಸಿದವುಗಳಲ್ಲಿ ‘ಪ್ಲೋಸ್ ಒನ್’ ಕೂಡ ಒಂದು, ಅದು ಶುಲ್ಕ ಪಡೆಯುವ ಪತ್ರಿಕೆಯೇ. ಒಪ್ಪಿಕೊಂಡವರಲ್ಲಿ ಹೆಸರುವಾಸಿ ಪ್ರಕಾಶಕರ ಪತ್ರಿಕೆಗಳೂ ಇದ್ದವು. ಶುಲ್ಕ ಪಡೆದು ಓದಿದರೋ, ಓದದೆ ಪಡೆದರೋ ಎಂಬುದರಲ್ಲಿ ಎಲ್ಲ ಇದೆ. ಆದರೆ ಶುಲ್ಕದ ಮೊತ್ತಕ್ಕೂ ನೈತಿಕತೆಯಿದೆ ಎಂದು ನಾನು ನಂಬುತ್ತೇನೆ. ಮುಕ್ತವಾಗಿ ಪ್ರಕಟಿಸಲು 9,500 ಯೂರೊ ಎಂದು ‘ನೇಚರ್’ 2020ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದ ಅತಿಥಿ ಉಪನ್ಯಾಸಕರೊಬ್ಬರು ವರ್ಷವಿಡೀ ದುಡಿದರೂ ಅಷ್ಟು ಹಣ ಕಾಣುವುದಿಲ್ಲ. ಅಲ್ಲಿ ಪರಿಶೀಲನೆ ಮಾಡಿಕೊಡುವ ವಿಜ್ಞಾನಿಗಳಿಗೆ ಸಾಮಾನ್ಯವಾಗಿ ಏನೂ ಕೊಡುವುದಿಲ್ಲ. ಪ್ರಕಾಶಕರು ಸಂಪಾದಕರ ಸಂಬಳ, ಬಹುಪಾಲು ಲೇಖನಗಳನ್ನು ಓದಿ ತಿರಸ್ಕರಿಸುವ ಖರ್ಚು ತೋರಿಸುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೂ ಜನರ ತೆರಿಗೆಯಿಂದ ನಡೆದ ಸಂಶೋಧನೆಗೆ, ಜನರ ತೆರಿಗೆಯಿಂದಲೇ ಸಂಬಳ ಪಡೆಯುವವರು ಪುಕ್ಕಟೆ ಪರಿಶೀಲಿಸಿದ ಲೇಖನಕ್ಕೆ, ಮತ್ತೆ ಇಷ್ಟು ಬೆಲೆ ಏಕೆಂದು ಕೇಳುವ ಹಕ್ಕು ನಮಗಿದೆ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು ಹದಿಮೂರು ಸಾವಿರ ಪತ್ರಿಕೆಗಳು ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಿಗುವಂತೆ ಮಾಡುವ ಯೋಜನೆ ಅದು. ನಾನು ಮೇಲೆ ಹೇಳಿದ ಜಿಲ್ಲಾ ಕೇಂದ್ರದ ಹುಡುಗಿಗೆ ಇದು ದೊಡ್ಡ ವರ. ಹೊರಗಿನವರ ಪತ್ರಿಕೆ ಓದಲು ಇಷ್ಟು ಖರ್ಚು ಮಾಡುವ ದೇಶ ತನ್ನ ಪತ್ರಿಕೆಗಳ ಸಂಪಾದಕರಿಗೆ, ಪರಿಶೀಲಕರಿಗೆ ಏನು ಕೊಡುತ್ತಿದೆ ಎಂದೂ ಕೇಳಬೇಕಲ್ಲವೇ?

ಹಾಗಾದರೆ ಮೋಸವನ್ನು, ತಪ್ಪನ್ನು ನಿಜವಾಗಿ ಹಿಡಿಯುವುದು ಯಾವುದು? ಬೆಂಗಳೂರಿನದೇ ಒಂದು ಪ್ರಕರಣ ನೋಡಿ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಲೇಖನವೊಂದು 2021ರಲ್ಲಿ ಹಿಂಪಡೆಯಲ್ಪಟ್ಟಿತು. ಪತ್ರಿಕೆ ದೊಡ್ಡದು, ಸಂಸ್ಥೆ ದೊಡ್ಡದು, ಯಾವ ಪಟ್ಟಿಯಲ್ಲಾದರೂ ಮೇಲಿನ ಸಾಲಿನಲ್ಲೇ ಇರುವಂಥವು. ಚಿತ್ರಗಳಲ್ಲಿನ ದೋಷವನ್ನು ಗುರುತಿಸಿ ಪಬ್‌ಪಿಯರ್ ತಾಣದಲ್ಲಿ ಬರೆದವರು ಓದುಗರು. ಸಂಸ್ಥೆ ತನಿಖೆ ಮಾಡಿತು, ಲೇಖನ ಹಿಂದಕ್ಕೆ ಬಂತು. ಇದನ್ನು ಅವಮಾನವೆಂದು ಬಗೆದವರು ಬಹಳ. ನನಗೆ ಇದರಲ್ಲಿ ವ್ಯವಸ್ಥೆ ಇನ್ನೂ ಜೀವಂತವಾಗಿರುವುದು ಕಾಣುತ್ತದೆ. ಕಳಪೆ ಪತ್ರಿಕೆಯ ಲೇಖನ ಹಿಂಪಡೆಯಲ್ಪಡುವುದು ಅಪರೂಪ, ಏಕೆಂದರೆ ಅದನ್ನು ಓದುವವರೇ ಅಪರೂಪ.

ಶಿಕ್ಷೆಯ ವಿಷಯದಲ್ಲೂ ಎರಡು ಮಾತಿದೆ. 2018ರ ಯುಜಿಸಿ ನಿಯಮಾವಳಿ ಕೃತಿಚೌರ್ಯವನ್ನು ಶೇಕಡಾವಾರು ಲೆಕ್ಕದಲ್ಲಿ ಹಂತ ಮಾಡಿತು: ಹತ್ತರವರೆಗೆ ದಂಡವಿಲ್ಲ, ಅರವತ್ತು ದಾಟಿದರೆ ಪಿಎಚ್.ಡಿ. ನೋಂದಣಿಯೇ ರದ್ದು. ಮೊದಲು ನಿಯಮವೇ ಸ್ಪಷ್ಟವಿಲ್ಲದ ಕಡೆ ಇದು ಮುನ್ನಡೆ. ಆದರೆ ಸಾಫ್ಟ್‌ವೇರ್ ಎಣಿಸುವುದು ಹೊಂದಿಕೆಯಾದ ಪದಗಳನ್ನು. ಇನ್ನೊಬ್ಬರ ಆಲೋಚನೆಯನ್ನು ಕದ್ದು ವಾಕ್ಯ ತಿರುಚಿದವನು ಪಾರಾಗುತ್ತಾನೆ, ಕಾನೂನಿನ ಕಲಮುಗಳನ್ನು ಯಥಾವತ್ತಾಗಿ ಉದ್ಧರಿಸಲೇಬೇಕಾದವನು ಪ್ರತಿ ಉದ್ಧರಣೆಗೂ ವಿವರಣೆ ಕೊಡುತ್ತ ಅಲೆಯುತ್ತಾನೆ. ಯಂತ್ರದ ವರದಿಯಲ್ಲಿ ಶೇಕಡಾವಾರು ನೋಡಿ ಸಹಿ ಹಾಕುವುದಕ್ಕೂ, ಪಟ್ಟಿಯಲ್ಲಿ ಹೆಸರು ನೋಡಿ ಅಂಕ ಕೊಡುವುದಕ್ಕೂ ವ್ಯತ್ಯಾಸವಿಲ್ಲ. ಎರಡರಲ್ಲೂ ಓದುವ ಕೆಲಸ ತಪ್ಪುತ್ತದೆ.

ಲೇಖಕರ ಹೊಣೆಯನ್ನು ನಾನು ಹಗುರ ಮಾಡುತ್ತಿಲ್ಲ. ಕೆಲಸ ಮಾಡದವರ ಹೆಸರನ್ನು ಲೇಖಕರಲ್ಲಿ ಸೇರಿಸುವುದು, ಒಂದೇ ಲೇಖನವನ್ನು ಎರಡು ಕಡೆ ಕಳಿಸುವುದು, ಬಾರದ ಫಲಿತಾಂಶವನ್ನು ಬಂದಂತೆ ಬರೆಯುವುದು ಒತ್ತಡದ ಹೆಸರಿನಲ್ಲಿ ಕ್ಷಮೆಗೆ ಅರ್ಹವಲ್ಲ. ಆದರೆ ಹೊಣೆಯ ತೂಕ ಅಧಿಕಾರದ ತೂಕಕ್ಕೆ ತಕ್ಕಂತಿರಬೇಕು. ವಿದ್ಯಾರ್ಥಿಯ ಲೇಖನದಲ್ಲಿ ತಾನು ಮಾಡದ ಕೆಲಸಕ್ಕೆ ಹೆಸರು ಸೇರಿಸಿಕೊಳ್ಳುವ ಗೈಡ್, ಒಂದೇ ಸಂಚಿಕೆಯಲ್ಲಿ ನೂರು ಲೇಖನ ಸಾಗಹಾಕುವ ಸಂಪಾದಕ, ಓದದೆ ಅಂಕ ಕೊಡುವ ಸಮಿತಿ, ಇವರ ತಪ್ಪು ಇಪ್ಪತ್ತೈದು ವಯಸ್ಸಿನ ವಿದ್ಯಾರ್ಥಿಯ ತಪ್ಪಿಗಿಂತ ದೊಡ್ಡದು. ನಮ್ಮಲ್ಲಿ ಶಿಕ್ಷೆ ಸಾಮಾನ್ಯವಾಗಿ ಇದಕ್ಕೆ ತಲೆಕೆಳಗಾಗಿ ನಡೆಯುತ್ತದೆ.

2022ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ ತೆಗೆದದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ಹೆಜ್ಜೆ. ಸಂಶೋಧನೆಯ ಶಿಸ್ತು ಸಡಿಲವಾಗುತ್ತದೆ ಎಂದು ಹಿರಿಯರು ಕೆಲವರು ಅಳುಕಿದರು. ಆ ಅಳುಕಿಗೆ ಆಧಾರವಿದೆ. ಒಳ್ಳೆಯ ಪತ್ರಿಕೆಯ ಪರಿಶೀಲಕರಿಂದ ಬೈಸಿಕೊಂಡು ಲೇಖನ ತಿದ್ದುವುದಕ್ಕಿಂತ ಒಳ್ಳೆಯ ಪಾಠ ಪಿಎಚ್.ಡಿ.ಯಲ್ಲಿ ಬೇರೆ ಇಲ್ಲ. ಆದರೆ ಆ ಪಾಠ ಕಡ್ಡಾಯದಿಂದ ಬರಲಿಲ್ಲ, ಕಡ್ಡಾಯದಿಂದ ಬಂದದ್ದು ರಶೀದಿ.

ಪಟ್ಟಿಯ ವಿಷಯಕ್ಕೆ ನನ್ನ ತೀರ್ಮಾನ ಹೀಗಿದೆ. ಪತ್ರಿಕೆಯ ಹೆಸರು ನೋಡಿ ಲೇಖನಕ್ಕೆ ಬೆಲೆ ಕಟ್ಟುವ ಪದ್ಧತಿ ಹೋಗಬೇಕಾದದ್ದೇ. ಆ ಮಟ್ಟಿಗೆ ಪಟ್ಟಿಯ ವಿರೋಧಿಗಳು ಸರಿ. ಅದು ಹೋದ ರೀತಿ ಮಾತ್ರ ಸರಿಯಿಲ್ಲ. ವಿಶ್ವವಿದ್ಯಾಲಯಗಳಿಗೆ ಓದುವ ಸಮಿತಿ ಕಟ್ಟಿಕೊಳ್ಳಲು ಕಾಲ ಕೊಡಲಿಲ್ಲ, ಕಟ್ಟದಿದ್ದರೆ ಏನೆಂದು ಹೇಳಲಿಲ್ಲ. ಸಲಹೆಯ ಮಾನದಂಡಗಳು ಎಂದರೆ ಬಲ್ಲವರಿಗೆ ಸಾಕು, ಮನಸ್ಸಿಲ್ಲದವರಿಗೆ ಏನೂ ಅಲ್ಲ. ಯಾವ ಪತ್ರಿಕೆ ನಂಬಬಾರದು, ಯಾವ ಜಾಲತಾಣ ನಕಲಿ ಎಂಬ ಎಚ್ಚರಿಕೆಯ ಪಟ್ಟಿಯನ್ನಾದರೂ ಆಯೋಗ ಉಳಿಸಿಕೊಳ್ಳಬೇಕಿತ್ತು. ಅಂಕ ಕೊಡಲು ಅಲ್ಲ, ಜಿಲ್ಲಾ ಕೇಂದ್ರದ ಆ ಹುಡುಗಿ ದುಡ್ಡು ಕಳೆದುಕೊಳ್ಳದಿರಲು.

ಕರ್ನಾಟಕದ ವಿಶ್ವವಿದ್ಯಾಲಯಗಳು ಇದಕ್ಕೆ ದೆಹಲಿಯನ್ನು ಕಾಯಬೇಕಿಲ್ಲ. ವಿಭಾಗವಾರು ಮೂವರು ತಜ್ಞರು, ಅವರಲ್ಲಿ ಒಬ್ಬರು ಹೊರಗಿನವರು; ನಂಬಬಹುದಾದ ಪತ್ರಿಕೆಗಳ ಹೆಸರು, ಸೇರಿಸಿದ್ದಕ್ಕೂ ಬಿಟ್ಟದ್ದಕ್ಕೂ ಕಾರಣ ಸಹಿತ, ಎಲ್ಲರೂ ನೋಡುವಂತೆ ಪ್ರಕಟಿಸಬಹುದು. ಕನ್ನಡದ ವಿದ್ವತ್ ಪತ್ರಿಕೆಗಳನ್ನು ನಡೆಸುವ ಸಂಸ್ಥೆಗಳು ತಮ್ಮ ಪರಿಶೀಲನೆಯ ಕ್ರಮವನ್ನು ಬರೆದು ಬಹಿರಂಗಪಡಿಸಲಿ, ಹಳೆಯ ಸಂಚಿಕೆಗಳನ್ನು ಜಾಲತಾಣದಲ್ಲಿ ಇಡಲಿ. ಆಯ್ಕೆ ಸಮಿತಿಗಳು ಅಭ್ಯರ್ಥಿಯಿಂದ ಇಪ್ಪತ್ತು ಲೇಖನಗಳ ಪಟ್ಟಿ ಕೇಳುವ ಬದಲು ಅವರೇ ಆರಿಸಿಕೊಟ್ಟ ಎರಡು ಲೇಖನಗಳನ್ನು ಮೊದಲೇ ಓದಿಕೊಂಡು ಬರಲಿ, ಅವುಗಳ ಮೇಲೆ ಅರ್ಧ ಗಂಟೆ ಪ್ರಶ್ನೆ ಕೇಳಲಿ. ಬೇರೆಯವರಿಂದ ಬರೆಸಿದವರು ಹತ್ತು ನಿಮಿಷ ದಾಟಲಾರರು. ಇದಕ್ಕೆ ಹೊಸ ಕಾಯಿದೆ ಬೇಡ, ಹಣವೂ ಹೆಚ್ಚು ಬೇಡ. ಸಮಿತಿಯಲ್ಲಿ ಕೂರುವ ಹಿರಿಯ ಪ್ರಾಧ್ಯಾಪಕರು ಓದಲು ಒಪ್ಪಬೇಕು, ಅಷ್ಟೇ. ಅವರಲ್ಲಿ ನನ್ನ ಕೋರಿಕೆಯೂ ಅದೇ: ಮುಂದಿನ ಸಂದರ್ಶನಕ್ಕೆ ಹೋಗುವ ಮುನ್ನ ಅಭ್ಯರ್ಥಿಗಳ ಒಂದೊಂದು ಲೇಖನವನ್ನಾದರೂ ಓದಿಕೊಂಡು ಹೋಗಿ.